ಮೂವತ್ನಾಲ್ಕು ಹಲ್ಲಿನ ಪ್ರಾಣಿ ನಾಯಿ ಹೇಗಾದೀತು?

ಊರಿನ ವಾಟ್ಸಾಪ್ ಗುಂಪಿಗೆ ಕಳೆದ ವಾರ ಒಂದು ಫೋಟೊ ಬಂದಿತ್ತು. ಕೊಪ್ಪಳ ಕಡೆಯ ಒಂದು ಶಾಲೆಯ ವಿಜ್ಞಾನ ಪ್ರದರ್ಶನ. ಡ್ರಾಯಿಂಗ್ ಶೀಟಿನ ಮೇಲೆ ಸ್ಕೆಚ್ ಪೆನ್ನಿನಲ್ಲಿ ‘ಕತ್ತೆಕಿರುಬ: ನಾಯಿ ಜಾತಿಯ ಪ್ರಾಣಿ’ ಎಂದು ದುಂಡಗೆ ಬರೆದು, ಕೆಳಗೆ ಆಫ್ರಿಕದ ಚುಕ್ಕೆ ಕಿರುಬನ ಚಿತ್ರ ಅಂಟಿಸಿದ್ದರು. ಒಂದು ಹಾಳೆ, ಎರಡು ತಪ್ಪು: ಕತ್ತೆಕಿರುಬ (ಹೈನಾ) ನಾಯಿ ಜಾತಿಯದಲ್ಲ, ನಮ್ಮ ಕಡೆಯದರ ಮೈಮೇಲೆ ಇರುವುದು ಪಟ್ಟೆ, ಚುಕ್ಕೆಯಲ್ಲ. ಗುಂಪಿನ ತುಂಬ ಚಪ್ಪಾಳೆ. ಇಂಗ್ಲೆಂಡಿನಲ್ಲಿ ಕೂತು ನೋಡಿದ ನನಗೆ ಮಾತ್ರ ಚುರ್ ಎಂದಿತು. ಕಾಡಿನಲ್ಲಿ ಒಂದೇ ಒಂದು ಕಿರುಬ ಇಲ್ಲದ ಈ ದೇಶದಲ್ಲಿ, ಸಂಗ್ರಹಾಲಯಗಳು ತಲೆಬುರುಡೆಗಳನ್ನು ಪೆಟ್ಟಿಗೆಯಲ್ಲಿಟ್ಟು ಶಾಲೆಗಳಿಗೆ ಕಡ ಕೊಡುತ್ತವೆ. ಮಕ್ಕಳು ಕೈಗೆತ್ತಿಕೊಂಡು ಹಲ್ಲು ಎಣಿಸುತ್ತಾರೆ. ರಾತ್ರಿ ಹೊತ್ತು ಶಾಲೆಯ ಹಿಂದಿನ ಗುಡ್ಡದಿಂದ ಇಳಿದು ಬರಬಹುದಾದ ಪ್ರಾಣಿ ನಮ್ಮ ಮಕ್ಕಳಿಗೆ ಬರೀ ಗೂಗಲ್ ಚಿತ್ರ.

ಹಲ್ಲು ಎಣಿಸಿದರೆ ಜಗಳ ಅಲ್ಲಿಗೇ ಮುಗಿಯುತ್ತದೆ. ನಾಯಿಗೆ 42 ಹಲ್ಲು. ಬೆಕ್ಕು, ಚಿರತೆ, ಹುಲಿ ಯಾವುದೇ ಇರಲಿ, 30. ಕತ್ತೆಕಿರುಬನಿಗೆ 34. ಒಂದು ಮಗ್ಗುಲಿನ ಮೇಲ್ದವಡೆಯಲ್ಲಿ ಮೂರು ಬಾಚಿಹಲ್ಲು, ಒಂದು ಕೋರೆ, ನಾಲ್ಕು ಮುಂದವಡೆ ಹಲ್ಲು (ಪ್ರಿಮೋಲಾರ್), ಒಂದು ದವಡೆಹಲ್ಲು. ಕೆಳಗೆ ಮೂರು, ಒಂದು, ಮೂರು, ಒಂದು. ಹದಿನೇಳು ಆಯಿತು, ಎರಡು ಮಗ್ಗುಲಿಗೆ ಮೂವತ್ನಾಲ್ಕು. ಎಣಿಸುವಾಗ ಎಡವುವುದು ಮೇಲಿನ ಕೊನೆಯ ಹಲ್ಲಿನಲ್ಲಿ. ಅದು ಚಿಕ್ಕದು, ಅಡ್ಡಡ್ಡ ಕೂತಿರುತ್ತದೆ, ಮುಂದಿರುವ ದೊಡ್ಡ ಕತ್ತರಿಹಲ್ಲಿನ ಮರೆಗೆ ಸೇರಿಹೋಗುತ್ತದೆ. ಬೆರಳು ಹಾಕಿ ಸವರಿ ನೋಡದಿದ್ದರೆ ಲೆಕ್ಕ 32ಕ್ಕೇ ನಿಂತೀತು.

ಇನ್ನು ಮುಂದವಡೆ ಹಲ್ಲುಗಳಲ್ಲಿ ಮೂರನೆಯದು. ನಾಯಿಯಲ್ಲಿ ಅದು ತೆಳ್ಳಗೆ, ಅಲಗಿನ ಹಾಗೆ. ಕಿರುಬನಲ್ಲಿ ಬುಡ ಅಗಲವಾದ ಗೋಪುರ, ಬುಗುರಿಯನ್ನು ತಲೆಕೆಳಗು ಮಾಡಿ ನೆಟ್ಟಂತೆ. ಮೂಳೆ ಒಡೆಯುವುದು ಈ ಹಲ್ಲು. ಮಾಂಸ ಕತ್ತರಿಸುವ ಕೆಲಸ ಅದರ ಹಿಂದಿನ ಹಲ್ಲಿನದು, ಹಾಗಾಗಿ ಎಮ್ಮೆಯ ತೊಡೆಮೂಳೆ ಅಗಿದರೂ ಕತ್ತರಿಯ ಅಲಗು ಮೊಂಡಾಗುವುದಿಲ್ಲ. ನೆತ್ತಿಯ ಮೇಲೆ ಎದ್ದಿರುವ ಮೂಳೆಯ ಏಣು ದವಡೆ ಎಳೆಯುವ ಸ್ನಾಯುವಿಗೆ ಹಿಡಿತ. ಉಬ್ಬಿದ ಹಣೆ ಆ ಒತ್ತಡವನ್ನು ಹಿಂದಕ್ಕೆ ಹರಡಲು. ಹಲ್ಲಿನ ಎನಾಮೆಲ್ ಒಳಗಿನ ಪಟ್ಟಿಗಳು ಕೂಡ ಅಂಕುಡೊಂಕಾಗಿ ಹೆಣೆದುಕೊಂಡಿವೆ, ಬಿರುಕು ಬಿಟ್ಟರೂ ನೇರ ಓಡಬಾರದು ಅಂತ. ಇಷ್ಟೆಲ್ಲ ಇರುವುದು ಗೇಣುದ್ದದ ಒಂದು ಬುರುಡೆಯಲ್ಲಿ.

ವಂಶ ಹಿಡಿದು ಹೇಳುವುದಾದರೆ ಕಿರುಬ ಬೆಕ್ಕಿನ ಬಳಗದ್ದು. ಬೆಕ್ಕು, ಪುನುಗು, ಮುಂಗುಸಿ, ಕಿರುಬ ದಾಯಾದಿಗಳು. ನಾಯಿ, ತೋಳ, ಕರಡಿಗಳದ್ದು ಬೇರೆಯೇ ಮನೆ. ನೋಡುವವರು ಮೋಸ ಹೋಗುವುದು ಕಾಲು ನೋಡಿ. ಉಗುರು ಒಳಗೆ ಎಳೆದುಕೊಳ್ಳಲಾರದು, ಓಡಿ ಓಡಿ ಮೊಂಡಾಗಿರುತ್ತದೆ, ಹೆಜ್ಜೆಯಲ್ಲಿ ಉಗುರಿನ ಗುರುತು ಮೂಡುತ್ತದೆ. ಅಷ್ಟಕ್ಕೇ ನಾಯಿ ಎಂದುಬಿಡುತ್ತೇವೆ. ಸ್ವಲ್ಪ ಬಗ್ಗಿ ನೋಡಿದರೆ ಮುಂಗಾಲಿನ ಅಚ್ಚು ಹಿಂಗಾಲಿನದಕ್ಕಿಂತ ಎದ್ದು ಕಾಣುವಷ್ಟು ದೊಡ್ಡದು, ಬೆರಳುಗಳು ಒತ್ತೊತ್ತಾಗಿರುತ್ತವೆ. ನಾಯಿಯ ಮುಂಗಾಲಲ್ಲಿ ಮೇಲೆ ನೇತಾಡುವ ಐದನೇ ಬೆರಳು ಕಿರುಬನಿಗೆ ಇಲ್ಲವೇ ಇಲ್ಲ.

ಹೆಸರಿನಲ್ಲೂ ನಾವು ಸಡಿಲ. ಮೈಸೂರು ಸೀಮೆಯ ಎಷ್ಟೋ ಹಳ್ಳಿಗಳಲ್ಲಿ ಕಿರುಬ ಎಂದರೆ ಚಿರತೆ. ಮುಂದೆ ಕತ್ತೆ ಸೇರಿಸಿದರೆ ಮಾತ್ರ ಈ ಪಟ್ಟೆಯ ಪ್ರಾಣಿ. ಪೇಟೆಯ ವರದಿಗಾರ ಕತ್ತೆ ಬಿಟ್ಟು ಕಿರುಬ ಬರೆದರೆ ಓದಿದವನು ಯಾವುದನ್ನು ನೆನೆಯಬೇಕು? ಇನ್ನೊಂದು ಮಾತು: ನಗುವುದು ಆಫ್ರಿಕದ ಚುಕ್ಕೆ ಕಿರುಬ. ನಮ್ಮದು ಹೆಚ್ಚೂಕಡಿಮೆ ಮೂಕ. ಆದರೂ ನಮ್ಮ ಟಿವಿಗಳಲ್ಲಿ ಅದು ನಗುತ್ತಲೇ ಇರುತ್ತದೆ.

ಇಲ್ಲಿನವರಿಗೆ ಮೂಳೆಯ ಮೇಲೆ ಇಷ್ಟು ಅಕ್ಕರೆ ಯಾಕೆಂದರೆ ಇದರ ಹಿಂದೆ ಒಂದು ಗುಹೆ ಇದೆ. ಉತ್ತರ ಯಾರ್ಕ್‌ಷೈರಿನ ಕರ್ಕ್‌ಡೇಲ್. 1821ರಲ್ಲಿ ಕಲ್ಲುಗಣಿ ಕೆಲಸಗಾರರಿಗೆ ಅದು ತೆರೆದುಕೊಂಡಾಗ ಒಳಗಿನ ಮೂಳೆಗಳನ್ನು ರೋಗ ಬಂದು ಸತ್ತ ದನದ್ದು ಎಂದುಕೊಂಡು ರಸ್ತೆ ಗುಂಡಿಗೆ ಸುರಿದರು. (ಇಷ್ಟರ ಮಟ್ಟಿಗೆ ನಮಗೂ ಅವರಿಗೂ ವ್ಯತ್ಯಾಸವಿಲ್ಲ.) ಉಳಿದದ್ದು ಆಕ್ಸ್‌ಫರ್ಡಿನ ಭೂವಿಜ್ಞಾನಿ ವಿಲಿಯಂ ಬಕ್‌ಲ್ಯಾಂಡ್ ಕಣ್ಣಿಗೆ ಬಿತ್ತು. ಆನೆ, ಘೇಂಡಾಮೃಗ, ನೀರಾನೆಯ ಮೂಳೆ ಒಳಗಿವೆ, ಗುಹೆಯ ಬಾಯಿ ನೋಡಿದರೆ ಆನೆ ನುಗ್ಗುವಂಥದ್ದಲ್ಲ. ಪ್ರಳಯದ ನೀರು ತಂದು ಹಾಕಿತು ಎನ್ನುವ ಕಾಲ ಅದು. ಬಕ್‌ಲ್ಯಾಂಡ್ ಸ್ವತಃ ಪಾದ್ರಿ, ಆದರೂ ಮೂಳೆಯ ತುದಿಗಳನ್ನೇ ನೋಡುತ್ತ ಕೂತ. ಊರೂರು ಅಲೆಯುವ ಮೃಗಶಾಲೆಯ ಒಂದು ಬದುಕಿರುವ ಕಿರುಬನಿಗೆ ಎತ್ತಿನ ಕಾಲಿನ ಮೂಳೆ ಕೊಡಿಸಿದ. ಅದು ತಿಂದು ಬಿಟ್ಟ ಗೆಣ್ಣಿನ ತುಂಡೂ ಗುಹೆಯ ತುಂಡೂ ಒಂದೇ ತರಹ. ಹಲ್ಲಿನ ಗುರುತೂ ಅದೇ. ಗುಹೆಯಲ್ಲಿ ಸಿಕ್ಕ ಬಿಳಿ ಉಂಡೆಗಳು ಕಿರುಬನ ಲದ್ದಿ ಎಂಬುದೂ ಗೊತ್ತಾಯಿತು. ಮೂಳೆಯ ಸುಣ್ಣ ಹೊಟ್ಟೆ ದಾಟಿ ಬಂದದ್ದರಿಂದ ಆ ಬಿಳುಪು. ಕಿರುಬಗಳು ವಾಸವಿದ್ದ ಗವಿ ಅದು, ಉಳಿದವೆಲ್ಲ ಎಳೆದು ತಂದ ಊಟ. 1822ರಲ್ಲಿ ರಾಯಲ್ ಸೊಸೈಟಿಯ ಕೊಪ್ಲಿ ಪದಕ ಬಂದದ್ದು ಈ ಕೆಲಸಕ್ಕೆ. ಆ ಮೂಳೆಗಳ ವಯಸ್ಸು ಒಂದು ಲಕ್ಷ ಇಪ್ಪತ್ತು ಸಾವಿರ ವರ್ಷದ ಆಸುಪಾಸು.

ಇಟ್ಟುಕೊಳ್ಳುವ ಬುದ್ಧಿ ಎಂದರೆ ಇದು. ಲಂಡನ್ ಟವರಿನ ಕಂದಕದಲ್ಲಿ 1937ರಲ್ಲಿ ಎರಡು ಸಿಂಹದ ಬುರುಡೆ ಸಿಕ್ಕವು. ಆಗ ಅವುಗಳಿಂದ ಏನೂ ಆಗಬೇಕಿರಲಿಲ್ಲ, ಆದರೂ ಯಾರೂ ಎಸೆಯಲಿಲ್ಲ. ಎಪ್ಪತ್ತು ವರ್ಷದ ಮೇಲೆ ಡಿಎನ್‌ಎ ತೆಗೆದು ನೋಡಿದರೆ ಉತ್ತರ ಆಫ್ರಿಕದ ಬಾರ್ಬರಿ ಸಿಂಹಗಳು.

ನಮ್ಮಲ್ಲಿ ಪ್ರಾಣಿ ಎಂದರೆ ಚರ್ಮ. ಅರಮನೆ, ಬಂಗಲೆ, ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗ, ಎಲ್ಲೇ ಹೋಗಿ, ಬಾಯಿ ತೆರೆದ ಹುಲಿ. ಅದನ್ನು ಮಾಡುವುದರಲ್ಲಿ ಮೈಸೂರು ಜಗತ್ತಿಗೇ ಹೆಸರಾಗಿತ್ತು. ವ್ಯಾನ್ ಇಂಗನ್ ಕಾರ್ಖಾನೆ 20ನೇ ಶತಮಾನದ ಆರಂಭದಿಂದ 1999ರವರೆಗೆ ನಡೆಯಿತು. ಅಲ್ಲಿಂದ ಹೋದ ಹುಲಿ ಚಿರತೆಗಳೇ ನಲವತ್ತು ಸಾವಿರಕ್ಕೆ ಮಿಕ್ಕಿ. ಹುಲ್ಲು ತುಂಬಿದ್ದು ಅನ್ನುತ್ತೇವೆ, ಒಳಗೆ ಹುಲ್ಲಿಲ್ಲ. ಅಚ್ಚುಗಳಲ್ಲಿ ಕಾಗದದ ರೊಟ್ಟನ್ನು ಪದರ ಪದರವಾಗಿ ಒತ್ತಿ, ಟೊಳ್ಳು ಮೈ ಮಾಡಿ, ಅದರ ಮೇಲೆ ಹದ ಮಾಡಿದ ಚರ್ಮ ತೊಡಿಸುತ್ತಿದ್ದರು. ಅಳತೆಗೆ ತಕ್ಕ ಅಚ್ಚುಗಳು ಇದ್ದುದರಿಂದ ಕೆಲಸ ಬೇಗ, ಹಗುರ, ಹಡಗಿನಲ್ಲಿ ಕಳಿಸಲು ಸಲೀಸು. ಕೈಚಳಕಕ್ಕೆ ಎರಡು ಮಾತಿಲ್ಲ. ಆದರೆ ಚರ್ಮ ಹೇಳುವುದು ಪಟ್ಟೆ ಹೇಗಿತ್ತು, ಹೊಡೆದವನು ಯಾರು, ಅಷ್ಟೇ. ಬಾಯಿ ಎಷ್ಟೇ ತೆರೆದಿರಲಿ ಕಾಣುವುದು ಕೋರೆ. ಹಿಂದಿನ ಹಲ್ಲು ಕೆನ್ನೆಯೊಳಗೆ. ಕತ್ತೆಕಿರುಬನಿಗಂತೂ ಈ ಗೋಡೆಗಳ ಮೇಲೆ ಜಾಗವೇ ಸಿಗಲಿಲ್ಲ. ಅದನ್ನು ಹೊಡೆದೆ ಎಂದು ಯಾವ ಸಾಹೇಬ ಮೀಸೆ ತಿರುವಿಯಾನು?

ಇರುವ ಚರ್ಮಗಳನ್ನಾದರೂ ಕಾಪಾಡಿದ್ದೇವೆಯೇ ಎಂದರೆ ಅದೂ ಅಷ್ಟಕ್ಕಷ್ಟೇ. ಮಳೆಗಾಲದಲ್ಲಿ ಒಳಗಿನ ಕಾಗದ ತೇವ ಹೀರುತ್ತದೆ, ಬೇಸಿಗೆಯಲ್ಲಿ ಬಿಡುತ್ತದೆ. ಚರ್ಮ ಮಾತ್ರ ವರ್ಷ ವರ್ಷಕ್ಕೆ ಬಿಗಿಯುತ್ತದೆ. ಮೊದಲು ಸೀಳುವುದು ತುಟಿ, ಕಣ್ಣಿನ ಅಂಚು, ಕಿವಿಯ ಬುಡ, ಹೊಟ್ಟೆಯ ಹೊಲಿಗೆ. ಎದುರಿಗೆ ಕಿಟಕಿಯ ಬಿಸಿಲೋ ಹಗಲೆಲ್ಲ ಉರಿಯುವ ಟ್ಯೂಬ್‌ಲೈಟೋ ಇದ್ದರೆ ಕೇಸರಿ ಹುಲಿ ಒಣಹುಲ್ಲಿನ ಬಣ್ಣಕ್ಕೆ ಬರುತ್ತದೆ. ಬೆಳಕು 50 ಲಕ್ಸ್ (ಬೆಳಕಿನ ಅಳತೆ) ದಾಟಬಾರದು ಎನ್ನುವ ಲೆಕ್ಕ ಇರುವುದು ಅದಕ್ಕೇ. ಸೀಳು ಬಿಟ್ಟಲ್ಲಿ ಸುಣ್ಣದ ಗಾರೆ ಮೆತ್ತಿ ಬಣ್ಣ ಬಳಿಯುವ ಪದ್ಧತಿ ಬೇರೆ. ಕಣ್ಣು ಬಿದ್ದುಹೋದರೆ ಅಂಗಡಿಯಲ್ಲಿ ಸಿಕ್ಕ ಬೆಕ್ಕಿನ ಸೀಳುಪಾಪೆಯ ಗಾಜಿನ ಕಣ್ಣು ಕೂರಿಸುತ್ತಾರೆ. ಹುಲಿ, ಚಿರತೆಯ ಪಾಪೆ ದುಂಡು. ಸೀಳುಪಾಪೆ ಮನೆಬೆಕ್ಕಿನಂಥ ಚಿಕ್ಕವಕ್ಕೆ. ಹುಳು ಬಿದ್ದರೆ ನಮ್ಮ ಮದ್ದು ನುಸಿಗುಳಿಗೆ. ಇಲ್ಲಿ ಪಾಲಿಥಿನ್‌ನಲ್ಲಿ ಗಾಳಿಯಾಡದಂತೆ ಸುತ್ತಿ ಮೈನಸ್ 30 ಡಿಗ್ರಿಯಲ್ಲಿ ಮೂರು ದಿನ ಇಡುತ್ತಾರೆ. ಮನೆಯ ಫ್ರೀಜರಿನ ಮೈನಸ್ 20 ಆದರೆ ಎರಡು ವಾರ. ಸುತ್ತುವುದು ಮುಖ್ಯ, ಇಲ್ಲದಿದ್ದರೆ ಹೊರತೆಗೆದಾಗ ಬೆವರಿ ಬೂಷ್ಟು ಹಿಡಿಯುತ್ತದೆ. ಮತ್ತೆ, ಹಳೆಯ ಚರ್ಮಗಳಿಗೆ ಹುಳು ಹತ್ತಬಾರದೆಂದು ಆರ್ಸೆನಿಕ್ ಸೋಪು ಸವರುತ್ತಿದ್ದರು. ಮಕ್ಕಳನ್ನು ಅದರ ಬೆನ್ನ ಮೇಲೆ ಕೂರಿಸಿ ಫೋಟೊ ತೆಗೆಯುವವರು ಇದನ್ನು ಓದಲಿ.

ಶಾಲೆಗೆ ಹುಲಿ ಬೇಡ. ಒಂದು ನಾಯಿಯ ಬುರುಡೆ, ಒಂದು ಮನೆಬೆಕ್ಕಿನ ಬುರುಡೆ ಸಾಕು. ಎರಡೂ ಸಾಕುಪ್ರಾಣಿ, ವನ್ಯಜೀವಿ ಕಾಯ್ದೆಯ ತಂಟೆಯಿಲ್ಲ. ಯಾವುದರಿಂದ ಸತ್ತಿತು ಎಂದು ಗೊತ್ತಿಲ್ಲದ ಬೀದಿನಾಯಿಯನ್ನು ಮಾತ್ರ ಮುಟ್ಟಬೇಡಿ, ರೇಬಿಸ್ ಇದ್ದೀತು. ಪಶುವೈದ್ಯರನ್ನು ಕೇಳಿ ಪಡೆಯಿರಿ, ಗ್ಲೌಸ್ ಹಾಕಿ. ಕುದಿಸುವುದು ಎಲ್ಲರೂ ಮಾಡುವ ತಪ್ಪು. ಕುದಿಸಿದರೆ ಕೊಬ್ಬು ಮೂಳೆಯೊಳಕ್ಕೆ ಇಳಿದು ಮುಂದೆ ಹಳದಿ ಜಿಡ್ಡಾಗಿ ಹೊರಬರುತ್ತದೆ, ಹಲ್ಲು ಸೀಳುತ್ತದೆ. ಮಾಂಸ ತೆಗೆದು ಮುಚ್ಚಿದ ಬಕೆಟ್ಟಿನ ನೀರಿನಲ್ಲಿ ಮುಳುಗಿಸಿ ಊರಾಚೆ ಇಡಿ. ನಮ್ಮ ಬೇಸಿಗೆಯ ಕಾವಿಗೆ ಎರಡರಿಂದ ನಾಲ್ಕು ವಾರದಲ್ಲಿ ಎಲ್ಲ ಕಳಚುತ್ತದೆ. ವಾಸನೆಯ ಬಗ್ಗೆ ಹೇಳುವುದು ಬೇಡ. ನೀರು ಚೆಲ್ಲುವಾಗ ಜರಡಿ ಹಿಡಿಯಲೇಬೇಕು. ಬಾಚಿಹಲ್ಲಿಗೆ ಒಂದೇ ಬೇರು, ಉದುರಿ ನೀರಿನ ಜೊತೆ ಹೋದರೆ ನಾಯಿಗೆ 38 ಹಲ್ಲು ಎಂದು ಇನ್ನೊಂದು ಚಾರ್ಟು ಬಂದೀತು. ಆಮೇಲೆ ಪಾತ್ರೆ ತೊಳೆಯುವ ಲಿಕ್ವಿಡ್ ಬೆರೆಸಿದ ಬೆಚ್ಚನೆ ನೀರು, ವಾರಕ್ಕೊಮ್ಮೆ ಬದಲಿಸುತ್ತ, ಮೇಲೆ ಜಿಡ್ಡು ತೇಲುವುದು ನಿಲ್ಲುವವರೆಗೆ. ಬಿಳುಪಿಗೆ ಮೆಡಿಕಲ್ ಅಂಗಡಿಯ 3 ಪರ್ಸೆಂಟ್ ಹೈಡ್ರೋಜನ್ ಪೆರಾಕ್ಸೈಡ್, ಒಂದೆರಡು ದಿನ, ಮುಚ್ಚಳ ಬಿಗಿಯದೆ. ಬ್ಲೀಚಿಂಗ್ ಪೌಡರ್ ಹಾಕಿದರೆ ಮೂಳೆ ಸೀಮೆಸುಣ್ಣದಂತೆ ಉದುರುತ್ತದೆ. ಉದುರಿದ ಹಲ್ಲಿಗೆ ಫೆವಿಕಾಲ್ ಸಾಕು, ತಪ್ಪು ಕುಳಿಯಲ್ಲಿ ಕೂತರೆ ನೆನೆಸಿ ತೆಗೆಯಬಹುದು. ಕಿರುಬನಿಗೆ ಮಾತ್ರ ಅಚ್ಚು ತೆಗೆದ ನಕಲೋ ತ್ರೀಡಿ ಪ್ರಿಂಟೋ ಸಾಕು. ಗುಡ್ಡದಲ್ಲಿ ಬಿದ್ದ ಅಸಲು ಬುರುಡೆ ತಂದು ಬೀರುವಿನಲ್ಲಿಟ್ಟರೆ 1972ರ ಕಾಯ್ದೆ ಬಾಗಿಲು ತಟ್ಟುತ್ತದೆ.

ಹಾಗೆ ನೋಡಿದರೆ ಆ ಕಾಯ್ದೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ನಮ್ಮ ಶಾಲೆಯ ಬೀರು ಖಾಲಿ ಇರಲು ಅರ್ಧ ಕಾರಣ ಅದೇ, ಮತ್ತು ಅದು ಇರುವುದರಿಂದಲೇ ಗುಡ್ಡ ಪೂರ್ತಿ ಖಾಲಿಯಾಗಿಲ್ಲ. ಇಂಗ್ಲೆಂಡಿನ ಕಾಡಿನಲ್ಲಿ ಬೆಕ್ಕಿನ ಬಳಗದ ಲಿಂಕ್ಸ್ ಇಲ್ಲ, ತೋಳ ಇಲ್ಲ. ಕಾಡುಬೆಕ್ಕು ಸ್ಕಾಟ್ಲೆಂಡಿನಲ್ಲಿ ಅಳಿವಿನ ಅಂಚಿಗೆ ಬಂದು, 2023ರಲ್ಲಿ ಸಾಕಿದವುಗಳನ್ನು ತಂದು ಕೇರ್ನ್‌ಗಾರ್ಮ್ಸ್ ಗುಡ್ಡಗಳಲ್ಲಿ ಬಿಡಬೇಕಾಯಿತು. ಮೂಳೆಗೆ ಇಷ್ಟು ಚಂದದ ಲೇಬಲ್ ಬರೆಯಲು ಅವರಿಗೆ ಪುರುಸೊತ್ತಿದೆ, ಕಾಯಲು ಬೇರೇನೂ ಉಳಿದಿಲ್ಲ. ಹೋಗಲಿ, ಇಲ್ಲಿನ ಎಷ್ಟೋ ಗೋಡೆಗಳ ಮೇಲಿರುವ ಹುಲಿಗಳು ನಮ್ಮ ಕಾಡಿನವೇ.

ಕೊಪ್ಪಳದ ಬಂಕಾಪುರ, ಗದಗಿನ ಕಪ್ಪತಗುಡ್ಡ, ದರೋಜಿಯ ಬಂಡೆಗುಡ್ಡಗಳಲ್ಲಿ ಕತ್ತೆಕಿರುಬ ಇನ್ನೂ ಇದೆ. ಗುಂಡುಕಲ್ಲುಗಳ ನಡುವಿನ ಗವಿಯ ಬಾಯಲ್ಲಿ ಮೂಳೆ ಗುಡ್ಡೆ ಹಾಕುತ್ತದೆ. ಬಕ್‌ಲ್ಯಾಂಡ್ ಅಗೆದು ನೋಡಿದ್ದು ಅಲ್ಲಿ ಬಿಸಿಲಿಗೆ ಬಿದ್ದಿದೆ. ಕಲ್ಲುಕ್ವಾರಿಯವರು ಬಂಡೆ ಸಿಡಿಸಿದರೆ ಗವಿ ಹೋಯಿತು, ಊರಾಚೆ ಸತ್ತ ದನ ಎಸೆಯುವ ಜಾಗ ಮುಚ್ಚಿದರೆ ಊಟ ಹೋಯಿತು. ಒಣಗಿದ ಬಿಳಿ ಲದ್ದಿ ಕಂಡ ಕೂಡಲೇ ‘ಇದು ತ್ವಾಳಂದಲ್ಲ’ ಅನ್ನಲು ಕುರಿಹಟ್ಟಿಯ ಅಜ್ಜನಿಗೆ ಯಾವ ಗಾಜಿನ ಪೆಟ್ಟಿಗೆಯೂ ಬೇಕಾಗಿಲ್ಲ. ಆ ಪ್ರದರ್ಶನಕ್ಕೆ ಅವನನ್ನು ಕರೆದಿರಲಿಲ್ಲ, ಅಷ್ಟೇ.

ಚಾರ್ಟು ಇನ್ನೂ ಗೋಡೆಯ ಮೇಲಿದ್ದರೆ ಮೇಷ್ಟ್ರಿಗೆ ಒಂದು ಕೋರಿಕೆ: ‘ನಾಯಿ ಜಾತಿ’ ಹೊಡೆದುಹಾಕಿ ‘ಬೆಕ್ಕು–ಮುಂಗುಸಿ ಬಳಗ, 34 ಹಲ್ಲು’ ಎಂದು ಬರೆಸಿ. ಚಿತ್ರವನ್ನೂ ಬದಲಿಸಿ, ಮೈಮೇಲೆ ಚುಕ್ಕೆಯಲ್ಲ, ಪಟ್ಟೆ, ಕಿವಿ ದುಂಡಗಲ್ಲ, ಚೂಪು, ಕತ್ತಿನಿಂದ ಬಾಲದವರೆಗೆ ಉದ್ದ ಕೂದಲ ಸಾಲು, ಬೆನ್ನು ಹಿಂದಕ್ಕೆ ಇಳಿಜಾರು.