ಡಿಪ್ ಮಾಡ್ರೋ ಯಪ್ಪಾ!

ನಿನ್ನೆ ರಾತ್ರಿ ಜಮಖಂಡಿಯಿಂದ ಮುಧೋಳಕ್ಕ ಬರೂಮುಂದ ಎದುರಿಗೆ ಒಂದು ಕಾರು ಬಂತು. ಕಾರು ಅಂತ ಆಮ್ಯಾಲ ಗೊತ್ತಾತು, ಮೊದಲ ಕಂಡದ್ದು ಎರಡು ಬಿಳೀ ಬೆಂಕಿ ಉಂಡಿ. ಲೈಟು ಕೆಳಗ ಮಾಡಪಾ ಅಂತ ಎರಡು ಸಲ ಡಿಪ್ಪರ್ ಹೊಡೆದೆ. ಪುಣ್ಯಾತ್ಮ ಕೇಳಬೇಕಲ್ಲ! ಅಂವ ದಾಟಿ ಹೋದದ್ದ ತಡ, ಕಣ್ಮುಂದ ಬರೇ ಕತ್ತಲಿ. ಆ ಕತ್ತಲ್ಯಾಗಿಂದ ಒಮ್ಮಿಗಲೇ ಎದ್ದು ಬಂದಂಗ ಬಂತು ಕಬ್ಬಿನ ಟ್ರೇಲರ್. ಒಂದಲ್ಲ, ಜೋಡಿ. ಹಿಂದ ಲೈಟಿಲ್ಲ, ರಿಫ್ಲೆಕ್ಟರ್ ಇಲ್ಲ. ಬ್ರೇಕ್ ಹತ್ತಿತು, ಅದಕ್ಕ ಇದನ್ನ ಬರ್ಯಾಕತ್ತೀನಿ.

ಗಂಟೆಗೆ 60 ಕಿ.ಮೀ. ಅಂದ್ರ ಸೆಕೆಂಡಿಗೆ ಸುಮಾರು 17 ಮೀಟರ್. ಮೂರು ಸೆಕೆಂಡ್ ಕಣ್ಣು ಕಾಣಲಿಲ್ಲಂದ್ರ 50 ಮೀಟರ್ ಕುರುಡು ಓಟ. ಬೆಳಕಿಗೆ ಪಾಪೆ ಗಪ್ಪನ ಕುಗ್ಗತೈತಿ, ಮತ್ತ ಹಿಗ್ಗಾಕ ಹೊತ್ತು ಬೇಕು. ಕಣ್ಣಿಗೆ ಪೊರೆ ಬಂದ ಹಿರ್ಯಾರ ಗತಿ ಕೇಳಬ್ಯಾಡ್ರಿ.

ಬೈಯೂ ಮುಂಚೆ ನನ್ನ ತಪ್ಪು ಹೇಳತೀನಿ. ನಾನೂ ಹಳೇ ಕಾರಿಗೆ ಎಲ್‌ಇಡಿ ಬಲ್ಬ್ ಹಾಕ್ಸಿದ್ದೆ. "ಹಗಲಾದಂಗ ಆಗತೈತ್ರಿ" ಅಂದಿದ್ದ ಅಂಗಡಿಯವ. ಆತು, ನನಗಷ್ಟ! ಒಂದಿನ ಕಾಕಾ ಬೈಕಿನ ಮ್ಯಾಲ ಎದುರು ಬಂದಾವ್ರು ಮನೀಗೆ ಬಂದು, "ಯಾವಂವಲೇ ಇಂವ ಅಂತ ಬೈಕೋತ ಬಂದೆ, ನೋಡಿದ್ರ ನೀನ!" ಅಂದ್ರು. ಮರುದಿನ ತೆಗಸಿದೆ.

ಎಲ್‌ಇಡಿ ಕೆಟ್ಟದ್ದಲ್ಲ. ಹ್ಯಾಲೊಜೆನ್, ಅಂದ್ರ ಹಳೇ ತಂತಿ ಬಲ್ಬಿನ ಹೆಡ್‌ಲೈಟ್ ಡೂಮಿನ ಒಳಗಿನ ಕನ್ನಡಿ ಆ ಸಣ್ಣ ತಂತಿ ಇರೂ ಜಾಗಕ್ಕ ಲೆಕ್ಕ ಹಾಕಿ ಮಾಡಿದ್ದು. ಎಚ್4 ಅನ್ನೂ ಹ್ಯಾಲೊಜೆನ್ ಬಲ್ಬಿನ್ಯಾಗ ಡಿಪ್ ತಂತಿ ಕೆಳಗ ಒಂದು ತಗಡಿನ ಬಟ್ಟಲೂ ಇರತೈತಿ, ಬೆಳಕು ಮ್ಯಾಲ ಏರಬಾರದಂತ. ಅಲ್ಲಿ ಸಿಕ್ಕ ಎಲ್‌ಇಡಿ ತುರುಕಿದ್ರ ಬೆಳಕು ದಿಕ್ಕಾಪಾಲು. ಡಿಪ್ ಮಾಡಿದ್ರೂ ಎದುರಿನವನ ಕಣ್ಣಿಗೇ ಹೊಡೀತೈತಿ.

ಕಾಯ್ದೆ ಇಲ್ಲಂತಲ್ಲ. 1989ರ ಮೋಟಾರು ವಾಹನ ನಿಯಮದಾಗ ಕಣ್ಣು ಕುಕ್ಕಬಾರದಂತ ಐತಿ. 2024ರ ಜುಲೈದಾಗ ರಾಜ್ಯದ ಪೊಲೀಸರು ಇಂಥ ಲೈಟಿನ ಮ್ಯಾಲ ಕೇಸ್ ಹಾಕಾಕ ಇಳಿದ್ರು. ಆದ್ರ ದಾರ್ಯಾಗ ಎಷ್ಟು ಮಂದೀನ ಹಿಡೀತೀರಿ? ಬಲ್ಬ್ ಮಾರೂ ಅಂಗಡಿಗೆ ಹೋಗ್ರಿ. ಕಬ್ಬಿನ ಗಾಡಿಗಂತೂ ಇನ್ನೂ ಸುಲಭ: ಎಲ್ಲಾ ಟ್ರೇಲರೂ ಸಕ್ಕರಿ ಕಾರ್ಖಾನಿ ತೂಕದ ಕಾಟಾ ಏರಾಕಬೇಕು. ರಿಫ್ಲೆಕ್ಟರ್ ಇಲ್ಲಂದ್ರ ತೂಕ ಇಲ್ಲ ಅಂದ್ಬಿಡ್ರಿ. ಒಂದ ವಾರದಾಗ ಎಲ್ಲಾ ಟ್ರೇಲರೂ ಕೆಂಪಗ ಹೊಳೀತಾವು.

ನಿನ್ನಿ ಆ ಟ್ರ್ಯಾಕ್ಟರ್ ದಾಟೂಮುಂದ ನೋಡಿದೆ. ಮುಂದ ಬಣ್ಣಬಣ್ಣದ ಲೈಟಿನ ಸರ, ಟೇಪಿನ್ಯಾಗ ಜೋರು ಹಾಡು. ಹಿಂದ ಮಾತ್ರ ಒಂದು ಸ್ಟಿಕ್ಕರ್ ಇಲ್ಲ.