ಹಿಡಿಯುವುದು ಬೇರೆ, ತಾಳುವುದು ಬೇರೆ

ಕಳೆದ ಜನವರಿಯಲ್ಲಿ ಊರಿಗೆ ಬಂದ ದಿನವೇ ಕಾಕಾನ ಹೊಲದಲ್ಲಿ ಹತ್ತಿ ಹೇರುವ ಗದ್ದಲ. ಯಾದಗಿರಿ ಜಿಲ್ಲೆಯ ಸುರಪುರ ತಾಲ್ಲೂಕಿನಲ್ಲಿ, ಕೃಷ್ಣೆಯ ದಂಡೆಯಿಂದ ಎರಡು ಮೈಲಿ ಈಚೆಗೆ ನಮ್ಮ ಎರೆಹೊಲ. ಟೆಂಪೊದ ಸುತ್ತ ಬಿದಿರಿನ ಗಳ ನಿಲ್ಲಿಸಿ, ತಾಡಪತ್ರಿ ಕಟ್ಟಿ, ಎರಡಾಳು ಎತ್ತರಕ್ಕೆ ಹತ್ತಿಯನ್ನು ತುಳಿದು ತುಳಿದು ತುಂಬಿದ್ದರು. ಮೇಲೆ ನಿಂತಿದ್ದ ಹುಡುಗ, "ಇನ್ನೂ ನಾಲ್ಕು ಗಂಟು ಹಿಡಿಯುತ್ತದೆ" ಎಂದು ಕೂಗಿದ. ಕಾಕಾ ಆರು ಗಂಟು ಕೊಟ್ಟರು. "ಸಾಕು ಕಾಕಾ, ಗಾಡಿ ವಾಲುತ್ತದೆ" ಎಂದೆ. "ಹಡಗಿನವನು ಬಂದ ನೋಡು, ಇನ್ನು ಟೆಂಪೊ ಮುಳುಗುತ್ತದೆ ಎನ್ನುತ್ತಾನೆ" ಎಂದು ಯಾರೋ ಅಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಟೆಂಪೊ ವಾಲುತ್ತ ವಾಲುತ್ತ ಜಿನ್ನಿಂಗ್ ಮಿಲ್ಲಿನ ದಾರಿ ಹಿಡಿಯಿತು. ಏನೂ ಆಗಲಿಲ್ಲ. ಏನೂ ಆಗದಿರುವುದೇ ಈ ರೋಗದ ಲಕ್ಷಣ.

ಊರಲ್ಲಿ ಈಗ ನನ್ನ ಹೆಸರೇ ಹಡಗಿನವನು. ಹನ್ನೊಂದು ವರ್ಷಗಳಿಂದ ನಾರ್ವೆಯ ಟ್ರಾಂಡ್‌ಹೈಮ್‌ನಲ್ಲಿದ್ದೇನೆ. ಹಡಗಿನ ಉಕ್ಕಿನಲ್ಲಿ ಬಿರುಕು ಎಲ್ಲಿ ಹುಟ್ಟುತ್ತದೆ, ಎಷ್ಟು ಅಲೆ ತಿಂದ ಮೇಲೆ ಎಷ್ಟು ಬೆಳೆಯುತ್ತದೆ ಎಂದು ಲೆಕ್ಕ ಹಾಕುವುದು ನನ್ನ ಕೆಲಸ. ಕಲಬುರಗಿಯಲ್ಲಿ ಇಂಜಿನಿಯರಿಂಗ್ ಮುಗಿಸುವವರೆಗೂ ಕಡಲನ್ನೇ ನೋಡದವನಿಗೆ ಇದು ಒದಗಿದ್ದು ಹೇಗೆ ಎಂಬುದು ಬೇರೆಯೇ ಕಥೆ. ನಾನು ಹೇಳಬೇಕೆಂದಿರುವುದು ಎರಡು ಕ್ರಿಯಾಪದಗಳ ವಿಷಯ. ನಮ್ಮೂರಲ್ಲಿ ಗಾಡಿ ಹೇರುವಾಗ ಕೇಳುವ ಪ್ರಶ್ನೆ 'ಎಷ್ಟು ಹಿಡಿಯುತ್ತದೆ?' ಎಂಬುದು. ನನ್ನ ಕಚೇರಿಯಲ್ಲಿ ಕೇಳುವ ಪ್ರಶ್ನೆ 'ಎಷ್ಟು ತಾಳುತ್ತದೆ?' ಎಂಬುದು. ಹಿಡಿಯುವುದನ್ನು ಕಣ್ಣೇ ಹೇಳುತ್ತದೆ. ತಾಳುವುದನ್ನು ಮಾತ್ರ ಯಾರೋ ಮುರಿದು ನೋಡಿರಬೇಕು, ಇಲ್ಲವೆ ಸತ್ತು ತೋರಿಸಿರಬೇಕು.

'ಅವರು ಯುರೋಪಿನವರು, ಅವರಿಗೆ ಶಿಸ್ತು ಹುಟ್ಟಿನಿಂದ ಬಂದಿದೆ' ಎನ್ನುವವರಿದ್ದಾರೆ. ಈ ಮಾತು ಕೇಳಿದರೆ ನನಗೆ ಸಿಟ್ಟು ಬರುತ್ತದೆ. 1870ರ ದಶಕದ ಬ್ರಿಟನ್ ನಮ್ಮ ಕಾಕಾನನ್ನೂ ನಾಚಿಸುವಂತಿತ್ತು. ಹಳೆಯ ಹಡಗಿಗೆ ಮಿತಿಮೀರಿ ಸರಕು ಹೇರಿ, ಅದರ ಬೆಲೆಗಿಂತ ಹೆಚ್ಚಿನ ವಿಮೆ ಮಾಡಿಸಿ ಕಡಲಿಗೆ ಬಿಡುವ ಮಾಲೀಕರಿದ್ದರು. ಅಂಥ ಹಡಗುಗಳಿಗೆ ಶವಪೆಟ್ಟಿಗೆಯ ಹಡಗು ಎಂದೇ ಹೆಸರು ಬಿದ್ದಿತ್ತು. ಮುಳುಗಿದರೆ ಮಾಲೀಕನಿಗೆ ವಿಮೆಯ ಹಣ, ನಾವಿಕನ ಮನೆಗೆ ಸೂತಕ. ಡರ್ಬಿಯ ಸಂಸದ ಸ್ಯಾಮ್ಯುಯೆಲ್ ಪ್ಲಿಮ್‌ಸೋಲ್ ಸಂಸತ್ತಿನಲ್ಲಿ ಗುಡುಗಿದ ಮೇಲೆ, 1876ರಲ್ಲಿ ಹಡಗಿನ ಮೈಮೇಲೆ ಭಾರದ ಗೆರೆ ಬಳಿಯಬೇಕೆಂಬ ಕಾಯ್ದೆ ಬಂತು. ತಮಾಷೆಯೆಂದರೆ, ಗೆರೆಯನ್ನು ಎಷ್ಟು ಎತ್ತರದಲ್ಲಿ ಬಳಿಯಬೇಕೆಂಬುದನ್ನು ಆ ಕಾಯ್ದೆ ಮಾಲೀಕನಿಗೇ ಬಿಟ್ಟಿತ್ತು! ಗೆರೆಯ ಜಾಗವನ್ನೂ ಕಾನೂನೇ ಗೊತ್ತುಮಾಡುವುದಕ್ಕೆ 1890ರ ಕಾಯ್ದೆಯೇ ಬರಬೇಕಾಯಿತು. ಗೆರೆ ಹಾಕಿದರೆ ಪರದೇಶದ ಹಡಗುಗಳ ಮುಂದೆ ನಮ್ಮ ವ್ಯಾಪಾರ ನಿಲ್ಲುವುದಿಲ್ಲ ಎಂದು ಅಲ್ಲಿನ ಮಾಲೀಕರು ಅತ್ತಿದ್ದೂ ನಮಗೆ ಚೆನ್ನಾಗಿ ಗುರುತಿರುವ ಅಳುವೇ.

ಆ ಗುರುತನ್ನು ಬಂದರಿನಲ್ಲಿ ಯಾರು ಬೇಕಾದರೂ ನೋಡಬಹುದು. ಹಡಗಿನ ನಡುಭಾಗದಲ್ಲಿ ಒಂದು ವೃತ್ತ, ಅದನ್ನು ಸೀಳಿಕೊಂಡು ಹೋಗುವ ಅಡ್ಡಗೆರೆ. ಪಕ್ಕದಲ್ಲಿ ಏಣಿಯ ಮೆಟ್ಟಿಲಿನಂತೆ ಇನ್ನಷ್ಟು ಗೆರೆಗಳು: ಬೇಸಿಗೆಗೆ ಒಂದು, ಚಳಿಗಾಲಕ್ಕೆ ಅದಕ್ಕಿಂತ ಕೆಳಗೆ ಒಂದು, ಬಿಸಿಲುನಾಡಿನ ಕಡಲಿಗೆ ಮೇಲೊಂದು, ಸಿಹಿನೀರಿಗೆ ಬೇರೊಂದು. ಒಂದು ಘನ ಮೀಟರ್ ಕಡಲ ನೀರು ಸುಮಾರು 1,025 ಕಿಲೋ ತೂಗುತ್ತದೆ, ಹೊಳೆಯ ನೀರು 1,000 ಕಿಲೋ. ಹಾಗಾಗಿ ಅದೇ ಹಡಗು ಹೊಳೆಯಲ್ಲಿ ತುಸು ಹೆಚ್ಚು ಇಳಿಯುತ್ತದೆ. ಇಷ್ಟು ಸರಳವಾದ, ಇಷ್ಟು ಬಯಲಲ್ಲಿರುವ ಕಾನೂನನ್ನು ನಾನು ಬೇರೆಲ್ಲಿಯೂ ಕಂಡಿಲ್ಲ. ಅಲ್ಲಿ ನೀರೇ ತಕ್ಕಡಿ. ನಮ್ಮ ಲಾರಿಗಳ ಪಕ್ಕದಲ್ಲೂ ತೂಕದ ಅಂಕಿಗಳನ್ನು ಬರೆದಿರುತ್ತಾರೆ, ಇಂಗ್ಲಿಷಿನಲ್ಲಿ, ಗೇಣಿನೊಳಗೆ. ಆದರೆ ಲಾರಿ ರಸ್ತೆಯಲ್ಲಿ ಮುಳುಗುವುದಿಲ್ಲವಲ್ಲ! ಎಷ್ಟು ಭಾರವಿದೆ ಎಂದು ತಿಳಿಯಲು ಕಾಟಾ ಬೇಕು. ಕಾಟಾ ಇದೆ, ಮಿಲ್ಲಿನ ಬಾಗಿಲಲ್ಲೇ ಇದೆ. ಅದು ಇರುವುದು ರೊಕ್ಕದ ಲೆಕ್ಕಕ್ಕೆ. ರಸ್ತೆಯ ಲೆಕ್ಕಕ್ಕೆ ಅದನ್ನು ಕೇಳುವವರಿಲ್ಲ.

ಹಾಗೆಂದು ನಮ್ಮ ಸೀಮೆಗೆ ಗೆರೆಯೇ ಗೊತ್ತಿರಲಿಲ್ಲವೆಂದರೆ ಅದು ಸುಳ್ಳು. ನಾನು ಚಿಕ್ಕವನಿದ್ದಾಗ ಹರಿಗೋಲಿನಲ್ಲಿ ಹೊಳೆ ದಾಟಿಸುತ್ತಿದ್ದ ಅಂಬಿಗರ ಮುದುಕರೊಬ್ಬರಿದ್ದರು. ಎಲ್ಲರೂ ಕುಳಿತ ಮೇಲೆ ಬಾಗಿ, ಹರಿಗೋಲಿನ ಅಂಚಿಗೂ ನೀರಿಗೂ ನಡುವೆ ಅಂಗೈಯನ್ನು ಅಡ್ಡ ಹಿಡಿಯುತ್ತಿದ್ದರು. ನಾಲ್ಕು ಬೆರಳು ಕಾಣದಿದ್ದರೆ ಒಬ್ಬರನ್ನು ಇಳಿಸುತ್ತಿದ್ದರು. ಒಮ್ಮೆ ಯೂರಿಯಾ ಚೀಲಗಳೊಂದಿಗೆ ಬಂದ ನಮ್ಮಪ್ಪನನ್ನೇ ಇಳಿಸಿದರು. ಅಪ್ಪ ರೇಗಿದರು, ಹೆಚ್ಚು ದುಡ್ಡು ಕೊಡುತ್ತೇನೆ ಎಂದರು. "ದುಡ್ಡು ಹಗುರವಾದದ್ದು ಯಜಮಾನರೇ, ಚೀಲ ಭಾರ" ಎಂದು ಆ ಮುದುಕರು ಹುಟ್ಟು ಹಾಕಿಯೇಬಿಟ್ಟರು. ನಾಲ್ಕು ಬೆರಳಿನ ಆ ಖಾಲಿ ಜಾಗಕ್ಕೆ ಹಡಗಿನ ಶಾಸ್ತ್ರದಲ್ಲಿ ದೊಡ್ಡ ಹೆಸರಿದೆ, ಅದರ ಮೇಲೆ 1930ರದೊಂದು, 1966ರದೊಂದು ಅಂತರರಾಷ್ಟ್ರೀಯ ಒಪ್ಪಂದವಿದೆ. ಮುದುಕರಿಗೆ ಬೆರಳುಗಳಿದ್ದವು. ಜೊತೆಗೆ, ಮುಳುಗಿದರೆ ತಾನೂ ಮುಳುಗುವವನು ಎಂಬ ಅರಿವಿತ್ತು. ಪ್ಲಿಮ್‌ಸೋಲ್ ಕಾಲದ ಮಾಲೀಕರಿಗೆ ಇಲ್ಲದಿದ್ದದ್ದು ಅದೊಂದೇ.

ನಾರ್ವೆಯವರು 'ತಾಳುತ್ತದೆಯೇ' ಎಂದು ಕೇಳಲು ಕಲಿತದ್ದು ಸುಲಭದಲ್ಲಲ್ಲ. 1980ರ ಮಾರ್ಚ್ 27ರ ಸಂಜೆ ಉತ್ತರ ಸಮುದ್ರದ ಎಕೋಫಿಸ್ಕ್ ತೈಲಕ್ಷೇತ್ರದಲ್ಲಿ, ಕೆಲಸಗಾರರ ವಸತಿಗೆಂದು ನಿಲ್ಲಿಸಿದ್ದ ಅಲೆಕ್ಸಾಂಡರ್ ಎಲ್. ಕೀಲಾಂಡ್ ಎಂಬ ತೇಲುಕಟ್ಟೆ ಮಗುಚಿಬಿತ್ತು. ಅದರಲ್ಲಿದ್ದ 212 ಮಂದಿಯಲ್ಲಿ 123 ಮಂದಿ ಸತ್ತರು. ಐದು ಕಂಬಗಳ ಮೇಲೆ ನಿಂತ ಕಟ್ಟೆ ಅದು. ಕಂಬಗಳನ್ನು ಹಿಡಿದಿಟ್ಟ ಉಕ್ಕಿನ ಕೊಳವೆಗಳಲ್ಲಿ ಒಂದಕ್ಕೆ, ನೀರಿನೊಳಗಿನ ಸದ್ದು ಹಿಡಿಯುವ ಪುಟ್ಟ ಉಪಕರಣ ಕೂರಿಸಲು ತೂತು ಕೊರೆದು ಹಿಡಿಕೆಯೊಂದನ್ನು ಬೆಸೆದಿದ್ದರು. ಬೆಸುಗೆಯ ದಪ್ಪ 6 ಮಿಲಿಮೀಟರ್. ಬಿರುಕು ಹುಟ್ಟಿದ್ದು ಅಲ್ಲಿ. ಮುರಿದ ತುಂಡನ್ನು ಪರೀಕ್ಷಿಸಿದಾಗ ಬಿರುಕಿನ ಒಳಮೈಯಲ್ಲಿ ಬಣ್ಣ ಸಿಕ್ಕಿತು. ಎಂದರೆ, ಕಟ್ಟೆಗೆ ಬಣ್ಣ ಹೊಡೆಯುವ ಮೊದಲೇ ಬಿರುಕು ಅಲ್ಲಿತ್ತು! ಬಣ್ಣ ಅದನ್ನು ಮುಚ್ಚಿತು, ಅಲೆಗಳು ಬೆಳೆಸಿದವು. ಆ ಒಂದು ಕೊಳವೆ ಹೋದದ್ದೇ ಉಳಿದವು ಪಟಪಟನೆ ಮುರಿದು ಕಂಬವೇ ಕಳಚಿಕೊಂಡಿತು. ಸುಮಾರು ಇಪ್ಪತ್ತು ನಿಮಿಷಗಳಲ್ಲಿ ಕಟ್ಟೆ ಅಡಿಮೇಲಾಯಿತು.

ಈ ಬಿರುಕಿನ ಚಿತ್ರವನ್ನು ನನಗೆ ಕೆಲಸಕ್ಕೆ ಸೇರಿದ ಮೊದಲ ವಾರವೇ ತೋರಿಸಿದರು. ಹಿರಿಯ ಸಹೋದ್ಯೋಗಿಯೊಬ್ಬರು ಆರು ಮಿಲಿಮೀಟರಿನ ಆ ಬೆಸುಗೆಯ ಮೇಲೆ ಬೆರಳಿಟ್ಟು ಸುಮ್ಮನೆ ಕುಳಿತರು. ಆಮೇಲೆ ಬಂದ ನಾರ್ವೆಯ ನಿಯಮಗಳು ಹೊಸ ಪ್ರಶ್ನೆಯೊಂದನ್ನು ಕಡ್ಡಾಯ ಮಾಡಿದವು: ಒಂದು ಕೊಳವೆ ಮುರಿದುಹೋಗಿದೆ ಎಂದೇ ಇಟ್ಟುಕೊಳ್ಳಿ, ಉಳಿದದ್ದು ನಿಲ್ಲುತ್ತದೆಯೇ? ಸತ್ತವರ ಮನೆಯವರು ಮಾತ್ರ ದಶಕಗಳ ಕಾಲ ಬೇರೆ ಪ್ರಶ್ನೆಗಳನ್ನು ಕೇಳುತ್ತಲೇ ಇದ್ದರು. ಈ ದೇಶವೂ ಎಲ್ಲದಕ್ಕೂ ಸಕಾಲದಲ್ಲಿ ಉತ್ತರ ಕೊಟ್ಟಿಲ್ಲ.

ಹಡಗಿನ ಬೆನ್ನುಮೂಳೆ ಮುರಿಯುವುದು ಹೇಗೆಂದು ಕಾಕಾನಿಗೆ ವಿವರಿಸಲು ನನಗೆ ಕಾವಡಿ ನೆನಪಾಯಿತು. ಅಲೆಯ ಶಿಖರ ಹಡಗಿನ ನಡುವಿಗೆ ಬಂದರೆ, ಹೆಗಲ ಮೇಲಿನ ಕಾವಡಿಯಂತೆ ಎರಡೂ ತುದಿ ಜೋತುಬೀಳುತ್ತವೆ. ಅಲೆ ಎರಡು ತುದಿಗೆ ಸರಿದರೆ, ಇಬ್ಬರು ಗಳ ಹೊತ್ತು ನಡುವೆ ಕೊಡ ತೂಗುಹಾಕಿದಂತೆ ಹೊಟ್ಟೆ ಕುಸಿಯುತ್ತದೆ. ಹಗಲೂ ರಾತ್ರಿ ಇದೇ ಬಾಗಾಟ. ಎಂಒಎಲ್ ಕಂಫರ್ಟ್ ಎಂಬ 316 ಮೀಟರ್ ಉದ್ದದ ಕಂಟೇನರ್ ಹಡಗು 2013ರ ಜೂನ್ 17ರಂದು ಯೆಮನ್ ಕರಾವಳಿಯಾಚೆ ಕಾವಡಿಯಂತೆ ಬಾಗಿ ಎರಡು ತುಂಡಾಯಿತು. ಹಡಗಿಗೆ ಐದೇ ವರ್ಷ ವಯಸ್ಸು. ನಾವು ತೊಗರಿ ಬಿತ್ತಲು ದಾರಿ ಕಾಯುವ ಅದೇ ಮುಂಗಾರಿನ ಅಲೆಗಳು ಅದನ್ನು ಮುರಿದವು. 26 ಸಿಬ್ಬಂದಿಯೂ ಬದುಕುಳಿದರು. ಅದೇ ಮಾದರಿಯ ಇತರ ಹಡಗುಗಳನ್ನು ತಪಾಸಿಸಿದಾಗ ಅವುಗಳ ತಳದ ತಗಡುಗಳೂ ಸೊಟ್ಟಗಾಗಿದ್ದು ಕಂಡಿತು, ಬಲಪಡಿಸಿದರು. ವರದಿ ಎಲ್ಲರಿಗೂ ಸಿಗುವಂತೆ ಪ್ರಕಟವಾಯಿತು. ಹಡಗುಗಳಿಗೆ ದೃಢೀಕರಣ ಕೊಡುವ ಸಂಸ್ಥೆಗಳ ಒಕ್ಕೂಟ 2015ರಲ್ಲಿ ಕಂಟೇನರ್ ಹಡಗಿನ ಬಲದ ನಿಯಮವನ್ನೇ ತಿದ್ದಿತು. 2016ರ ಜುಲೈ 1ರಿಂದ, ತೂಕ ಖಚಿತಪಡಿಸದ ಕಂಟೇನರನ್ನು ಹಡಗಿಗೆ ಏರಿಸುವಂತಿಲ್ಲ ಎಂಬ ನಿಯಮವೂ ಜಾರಿಗೆ ಬಂತು. ಅಲ್ಲಿಯವರೆಗೆ? ಕಳಿಸುವವನು ಹೇಳಿದ್ದೇ ತೂಕ. ನಮ್ಮ ಕಾಟಾವೇ ವಾಸಿ.

2014ರ ಮಳೆಗಾಲದಲ್ಲಿ ನಮ್ಮ ತಾಲ್ಲೂಕಿನ ನೀಲಕಂಠರಾಯನಗಡ್ಡೆಯಿಂದ ತುಂಬು ಗರ್ಭಿಣಿಯೊಬ್ಬರು ಸೋರೆಬುರುಡೆಗಳನ್ನು ಮೈಗೆ ಕಟ್ಟಿಕೊಂಡು, ಮನೆಯವರ ಬೆಂಗಾವಲಿನಲ್ಲಿ, ತುಂಬಿದ ಕೃಷ್ಣೆಯನ್ನು ಈಜಿ ದಾಟಿದ ಸುದ್ದಿ ಪತ್ರಿಕೆಗಳಲ್ಲಿ ಬಂತು. ನಾರಾಯಣಪುರ ಜಲಾಶಯದಿಂದ ನೀರು ಬಿಟ್ಟರೆ ಆ ನಡುಗಡ್ಡೆಗೆ ದಾರಿಯೇ ಇರುತ್ತಿರಲಿಲ್ಲ. ಒಂದು ಬುರುಡೆ ಒಡೆದರೆ ಉಳಿದವು ತೇಲಿಸಲಿ ಎಂದು ಹಲವನ್ನು ಕಟ್ಟಿಕೊಳ್ಳುವುದು, ಕೀಲಾಂಡ್ ಮುಳುಗಿದ ಮೇಲೆ ನಾರ್ವೆ ಬರೆದುಕೊಂಡ ನಿಯಮವೇ ಅಲ್ಲವೆ? ಎಲ್ಲರೂ ಆಕೆಯ ಧೈರ್ಯವನ್ನು ಹೊಗಳಿದರು. ಓದಿದ ನನಗೆ ಹೊಗಳಲು ಬಾಯಿ ಬರಲಿಲ್ಲ. ಹೆರಿಗೆಗೆ ಹೋಗುವವಳು ತಾನೇ ಹಡಗಿನ ಇಂಜಿನಿಯರ್ ಆಗಬೇಕಾದದ್ದು ಧೈರ್ಯದ ಕಥೆಯಾಗಿ ಮುಗಿಯಬಾರದಿತ್ತು.

ಗೆರೆ ಬಳಿದರೆ ಎಲ್ಲವೂ ಸರಿಹೋಗುತ್ತದೆ ಎಂದೂ ನಾನು ಹೇಳಲಾರೆ. ದಕ್ಷಿಣ ಕೊರಿಯಾದ ಸೆವೊಲ್ ದೋಣಿ 2014ರ ಏಪ್ರಿಲ್ 16ರಂದು ಮಗುಚಿ 304 ಮಂದಿ ಸತ್ತರು, ಬಹುತೇಕ ಶಾಲಾ ಮಕ್ಕಳು. ಅನುಮತಿಯ ಎರಡು ಪಟ್ಟಿಗೂ ಹೆಚ್ಚು ಸರಕು ಅದರಲ್ಲಿತ್ತು. ಹಾಗಾದರೆ ಗೆರೆ ಮುಳುಗಬೇಕಿತ್ತಲ್ಲ? ಮುಳುಗದಂತೆ, ಹಡಗನ್ನು ನೆಟ್ಟಗಿಡಲೆಂದೇ ತಳದಲ್ಲಿ ತುಂಬುವ ನೀರನ್ನು ಕಡಿಮೆ ಮಾಡಿದ್ದರು. ಹೊರಗಿನಿಂದ ನೋಡಿದವರಿಗೆ ಗೆರೆ ಸರಿಯಾಗಿಯೇ ಇತ್ತು. ಇದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ಲಾರಿಗಳು. ಭಾರಕ್ಕೆ ಹಿಂಭಾಗ ಕುಸಿದದ್ದು ಕಾಣಬಾರದೆಂದು ಗಾಲಿಯ ಮೇಲಿನ ಸ್ಪ್ರಿಂಗ್ ಪಟ್ಟಿಗಳಿಗೆ ಇನ್ನೆರಡು ಪಟ್ಟಿ ಸೇರಿಸುತ್ತಾರೆ. ಲಾರಿ ನೆಟ್ಟಗೆ ನಿಲ್ಲುತ್ತದೆ, ಬ್ರೇಕು ಮಾತ್ರ ಹಳೆಯದೇ. ಜಾಣತನಕ್ಕೆ ದೇಶವಿಲ್ಲ.

ಹತ್ತಿ ಬಿಡಿಸಲು, ಗುಳೆ ಹೋಗಲು ಹೆಂಗಸರನ್ನು ಸರಕಿನ ಗಾಡಿಯಲ್ಲಿ ತುಂಬುವಾಗಲೂ ಅದೇ ಮಾತು: ಇನ್ನೂ ನಾಲ್ವರು ಹಿಡಿಯುತ್ತಾರೆ. ಗಾಡಿ ಬಿದ್ದರೆ ಚಾಲಕನ ಬಂಧನ, ಪರಿಹಾರದ ಘೋಷಣೆ, 'ಅವರ ಹಣೆಬರಹ'. ಎಲ್ಲಿ ಮುರಿಯಿತು, ಏಕೆ ಮುರಿಯಿತು ಎಂದು ಬರೆದ ಒಂದು ಪುಟವನ್ನು ನಾನು ಇಂದಿಗೂ ಓದಿಲ್ಲ. ನಾರ್ವೆಯಲ್ಲಿ ಅಪಘಾತ ತನಿಖೆ ಮಾಡುವ ಸಂಸ್ಥೆಗೆ ತಪ್ಪಿತಸ್ಥ ಯಾರೆಂದು ತೀರ್ಮಾನಿಸುವ ಅಧಿಕಾರವೇ ಇಲ್ಲ. ಅದು ನ್ಯಾಯಾಲಯದ ಪಾಲು. ಹೇಗಾಯಿತು ಎಂದು ಬರೆಯುವುದಷ್ಟೇ ಅದರ ಕೆಲಸ. ನನಗೆ ಊರಿಗೆ ಒಯ್ಯಬೇಕೆನಿಸುವುದು ಈ ವಿಂಗಡಣೆ. ಅಲ್ಲಿನ ಹಿಮ, ಮೌನ, ಮೀನೆಣ್ಣೆ ಯಾವುದೂ ಬೇಡ.

ಮೊನ್ನೆ ಬಂದರಿಗೆ ಹೋಗಿದ್ದಾಗ ಹಡಗೊಂದರ ಗೆರೆಗಳ ಫೋಟೊ ತೆಗೆದು ಕಾಕಾನಿಗೆ ಕಳಿಸಿದೆ. ಸಂಜೆ ಫೋನ್ ಬಂತು. ಯಾವ ಗೆರೆ ಯಾವುದಕ್ಕೆ ಎಂದು ಒಂದೊಂದನ್ನೂ ಕೇಳಿದರು. ಸಿಹಿನೀರಿನಲ್ಲಿ ಹೆಚ್ಚು ಇಳಿಯುತ್ತದೆ ಎಂದಾಗ, "ಹಾಗಾದರೆ ನಮ್ಮ ಅಂಬಿಗನ ನಾಲ್ಕು ಬೆರಳು ಕಡಲಲ್ಲಿ ನಾಲ್ಕೂವರೆ ಆಗುತ್ತಿತ್ತೇನು?" ಎಂದರು. ಲೆಕ್ಕ ಪೂರ್ತಿ ಸರಿಯಲ್ಲ, ಆದರೆ ದಿಕ್ಕು ಸರಿಯಾಗಿತ್ತು. ಸ್ವಲ್ಪ ಸುಮ್ಮನಿದ್ದು, "ತಮ್ಮಾ, ಹತ್ತಿ ಎರಡು ಟ್ರಿಪ್ಪಿನಲ್ಲಿ ಕಳಿಸಬಹುದು. ಎರಡನೆಯ ಟ್ರಿಪ್ಪಿನ ಡೀಸೆಲ್ ಯಾರು ಹಾಕುತ್ತಾರೆ?" ಎಂದರು.

"ನಾನು ಕಳಿಸುತ್ತೇನೆ ಕಾಕಾ" ಎಂದೆ.

"ನನಗೆ ಕಳಿಸುತ್ತೀಯ. ಮಿಲ್ಲಿನ ಮುಂದೆ ಸಾಲಾಗಿ ನಿಂತಿರುತ್ತವಲ್ಲ, ಆ ಉಳಿದ ಗಾಡಿಗಳಿಗೆ?"