ಇಪ್ಪತ್ತೊಂಬತ್ತಕ್ಕೇ ಮಂಡಿ ನೋವಾ?

ಹೋದ ವರ್ಷ ಕಬ್ಬನ್ ಪಾರ್ಕ್ ಮೆಟ್ರೋ ಸ್ಟೇಷನ್ನಿನ ಮೆಟ್ಟಿಲನ್ನ ಕಂಬಿ ಹಿಡ್ಕೊಂಡು ಒಂದೊಂದಾಗಿ ಇಳೀತಿದ್ದೆ. ಪಕ್ಕದಲ್ಲೇ ಇಳೀತಿದ್ದ ಅಜ್ಜಿಯೊಬ್ಬರು ನಿಂತು, "ಏನಮ್ಮಾ, ಇಷ್ಟು ಬೇಗ ಮಂಡಿನಾ?" ಅಂದ್ರು. ನನಗಾಗ ಇಪ್ಪತ್ತೊಂಬತ್ತು.

ಆಗಿದ್ದು ಇಷ್ಟೇ. ಆಫೀಸಿನವರೆಲ್ಲ ಸೇರಿ 10ಕೆ ಓಟಕ್ಕೆ ಹೆಸರು ಕೊಟ್ವಿ. ಅದಕ್ಕೂ ಮುಂಚೆ ನಾಲ್ಕು ವರ್ಷ ದಿನಕ್ಕೆ ಒಂಬತ್ತು ಗಂಟೆ ಕುರ್ಚಿ ಬಿಟ್ಟು ಎದ್ದವಳಲ್ಲ ನಾನು. ಮೊದಲ ವಾರ 2 ಕಿಲೋಮೀಟರ್ ಓಡಿದೆ, ಮೂರನೇ ವಾರಕ್ಕೇ 8. ಐದನೇ ವಾರ ಮಂಡಿಚಿಪ್ಪಿನ ಹಿಂದೆ ಚುಚ್ಚೋ ನೋವು ಶುರುವಾಯ್ತು. ಮೆಟ್ಟಿಲು ಇಳಿಯುವಾಗ, ತುಂಬಾ ಹೊತ್ತು ಕೂತು ಎದ್ದಾಗ ಜೀವ ಹೋಗೋದು.

"ಓಡೋದು ಬಿಡು ಪುಟ್ಟಿ, ಮಂಡಿ ಸವೆದು ಹೋಗತ್ತೆ" ಅಂದ್ರು ಅಮ್ಮ. ನಮ್ಮಜ್ಜಿಯ ಎರಡೂ ಮಂಡಿ ಆಪರೇಷನ್ನಾದಾಗ ಹಗಲೂ ರಾತ್ರಿ ಜೊತೆಗಿದ್ದವರು ಅವರು, ಆ ಭಯ ನನಗರ್ಥ ಆಗತ್ತೆ. ಆದ್ರೆ ಈ ಮಾತು ನಂಬಿ ನನ್ನ ವಯಸ್ಸಿನ ಎಷ್ಟೋ ಜನ ಓಡಾಟವನ್ನೇ ನಿಲ್ಲಿಸಿಬಿಡ್ತಾರಲ್ಲ, ಅದು ನನಗೆ ಸಂಕಟ.

ಮಂಡಿ ಗಾಡಿ ಟೈರಿನ ಥರ ಸವೆಯಲ್ಲ. ಮೂಳೆಗಳ ತುದಿಗಿರೋ ನುಣುಪಾದ ಪದರ, ಅಂದ್ರೆ ಕಾರ್ಟಿಲೇಜಿಗೆ ರಕ್ತನಾಳ ಇಲ್ಲ. ಕೀಲಿನೊಳಗಿನ ದ್ರವವೇ ಅದಕ್ಕೆ ಊಟ. ಹೆಜ್ಜೆ ಊರಿದಾಗ ಅದುಮಿಕೊಂಡು, ಎತ್ತಿದಾಗ ಹಿಗ್ಗಿ, ಸ್ಪಂಜಿನ ಹಾಗೆ ಅದನ್ನ ಹೀರ್ಕೊಳತ್ತೆ. ಅಂದ್ರೆ ನಾವು ನಡೆದಾಡಿದ್ರೇನೇ ಅದಕ್ಕೆ ಹೊಟ್ಟೆ ತುಂಬೋದು. ಲಕ್ಷಕ್ಕೂ ಹೆಚ್ಚು ಜನರ ಲೆಕ್ಕ ಒಟ್ಟುಗೂಡಿಸಿ 2017ರಲ್ಲಿ ಬಂದ ವರದಿಯಲ್ಲಿ, ಹವ್ಯಾಸಕ್ಕೆ ಓಡೋರಲ್ಲಿ ಸೊಂಟ-ಮಂಡಿಯ ಸಂಧಿವಾತ ಶೇ. 3.5, ಓಡದೇ ಇದ್ದವರಲ್ಲಿ ಶೇ. 10.2. ಸ್ಪರ್ಧೆಗೆ ಓಡೋರಲ್ಲಿ ಮಾತ್ರ ಶೇ. 13.3. (ನೋವಿದ್ದವರು ಓಟ ಬಿಟ್ಟಿರ್ತಾರೆ, ಹಾಗಾಗಿ ಓಟವೇ ಕಾಪಾಡ್ತು ಅಂತ ಇದರಿಂದ ಹೇಳೋಕಾಗಲ್ಲ. ಆದ್ರೆ ಹಿತಮಿತವಾಗಿ ಓಡಿದ್ರೆ ಮಂಡಿ ಹಾಳಾಗತ್ತೆ ಅನ್ನೋ ಮಾತಂತೂ ನಿಲ್ಲಲ್ಲ.)

ನನ್ನ ಕಣ್ಣು ತೆರೆಸಿದ್ದು ಫಿಸಿಯೋ ಮೇಡಂ. ಮೆಟ್ಟಿಲೆತ್ತರದ ಮಣೆ ಮೇಲೆ ಬಲಗಾಲಲ್ಲಿ ನಿಲ್ಲಿಸಿ, ಎದುರಿಗೆ ಕನ್ನಡಿ ಇಟ್ಟು, "ಎಡ ಹಿಮ್ಮಡಿ ನೆಲಕ್ಕೆ ಸೋಕೋ ತನಕ ನಿಧಾನಕ್ಕೆ ಇಳೀರಿ" ಅಂದ್ರು. ಅರ್ಧ ಇಳಿಯೋದ್ರಲ್ಲೇ ತೊಡೆ ಗಡಗಡ ನಡುಗೋಕೆ ಶುರು. ಮಂಡಿ ನೇರ ನಿಲ್ಲದೆ ಒಳಗಡೆಗೆ ವಾಲಿ, ಹೆಬ್ಬೆರಳನ್ನೂ ದಾಟಿ ಎಡಗಾಲಿನ ಕಡೆ ಹೋಯ್ತು. "ನೋಡಿ, ಮಂಡಿಗೇನೂ ಆಗಿಲ್ಲ. ಅದನ್ನ ಹಿಡಿದಿಡಬೇಕಾದ ತೊಡೇಲಿ, ಸೊಂಟದ ಪಕ್ಕದ ಸ್ನಾಯುಗಳಲ್ಲಿ ಶಕ್ತಿ ಇಲ್ಲ" ಅಂದ್ರು. ಓಟ ನಿಲ್ಲಿಸಿ ಅನ್ನಲಿಲ್ಲ, ಮತ್ತೆ 2 ಕಿಲೋಮೀಟರಿಗೆ ಇಳಿಸಿದ್ರು. ವಾರಕ್ಕೆ ಮೂರು ದಿನ ಗೋಡೆಗೊರಗಿ ಕೂರೋದು, ಮಗ್ಗುಲಾಗಿ ಮಲಗಿ ಕಾಲೆತ್ತೋದು, ಅರ್ಧ ಬಸ್ಕಿ. ಸರಿ ಹೋಗೋಕೆ ಮೂರು ತಿಂಗಳು ಹಿಡೀತು.

ಬಸ್ಕಿ ನಮಗೇನು ಹೊಸದಲ್ಲ. ಮೈಸೂರಿನ ಗರಡಿಗಳಲ್ಲಿ ಇವತ್ತಿಗೂ ಹೊಡೀತಾರೆ. ಮೊದಲ ದಿನವೇ ಯಾವ ಉಸ್ತಾದರೂ ಐನೂರು ಹೊಡೆಸಲ್ಲ, ಮೈಗೆ ತಾಕತ್ತು ಬಂದ ಹಾಗೆ ಏರಿಸ್ತಾರೆ. ನಾವು ಜಿಮ್ಮಿಗೆ ದುಡ್ಡು ಕಟ್ಟಿದ ಮೊದಲ ವಾರವೇ ಎಲ್ಲಾ ಮಾಡಿ ಮುಗಿಸೋಕೆ ಹೋಗ್ತೀವಿ. ಹಾಂ, ಮಂಡಿ ಕಟಕಟ ಅನ್ನತ್ತೆ ಅಂತ ತುಂಬಾ ಜನ ಕೇಳ್ತಾರೆ. ನೋವು, ಊತ ಇಲ್ಲದಿದ್ರೆ ಸಾಮಾನ್ಯವಾಗಿ ಹೆದರೋ ಅಂಥದ್ದೇನಿಲ್ಲ.

ಚಿಕ್ಕ ವಯಸ್ಸಿನ ಮಂಡಿಗೆ ನಿಜವಾಗಿ ಹೆದರಬೇಕಾದ್ದು ಪೆಟ್ಟಿಗೆ. ನನ್ನ ಚಿಕ್ಕಮ್ಮನ ಮಗ ಊರಲ್ಲಿ ಕಬಡ್ಡಿ ಆಡ್ತಾ ಕಾಲು ತಿರುಚ್ಕೊಂಡ. ಒಳಗೆ 'ಟಕ್' ಅಂತು, ರಾತ್ರಿಯೊಳಗೆ ಮಂಡಿ ಊದ್ಕೊಂಡಿತ್ತು. ಎಣ್ಣೆ ನೀವಿಸ್ಕೊಂಡು ಮೂರು ವಾರಕ್ಕೆ ಮತ್ತೆ ಅಂಕಣಕ್ಕಿಳಿದ, ಮತ್ತೆ ಬಿದ್ದ. ನೋಡಿಸಿದ್ರೆ ಎಸಿಎಲ್ ಅನ್ನೋ ಲಿಗಮೆಂಟೇ, ಅಂದ್ರೆ ಮಂಡಿಯೊಳಗೆ ಮೂಳೆಗಳನ್ನ ಹಿಡಿದಿಡೋ ಪಟ್ಟಿಯೇ ಹರಿದಿತ್ತು. ಅದು ಹರಿದವರಿಗೆ ಹತ್ತಿಪ್ಪತ್ತು ವರ್ಷದಲ್ಲೇ ಸಂಧಿವಾತ ಬರೋ ಸಾಧ್ಯತೆ ಜಾಸ್ತಿ. ಆಪರೇಷನ್ ಆಗಿ ಒಂಬತ್ತು ತಿಂಗಳೊಳಗೆ ಆಟಕ್ಕೆ ಇಳಿದ್ರೆ ಮತ್ತೆ ಪೆಟ್ಟಾಗೋ ಅಪಾಯ ತುಂಬಾ ಹೆಚ್ಚು.

ಅವನಿಗೆ ಆಪರೇಷನ್ ಆಗಿ ಈಗ ಏಳನೇ ತಿಂಗಳು. ಮುಂದಿನ ತಿಂಗಳು ಹೋಬಳಿ ಮಟ್ಟದ ಪಂದ್ಯ ಇದೆ, "ಅಕ್ಕ, ನೋವೇ ಇಲ್ಲ, ಒಂದೇ ಒಂದು ಮ್ಯಾಚ್" ಅಂತಾನೆ. ನೋವಿಲ್ಲ ಅಂದ್ರೆ ಬಲ ಬಂದಿದೆ ಅಂತಲ್ಲ ಕಣೋ, ಎರಡೂ ತೊಡೆ ಸಮ ಆಗೋ ತನಕ ತಡಿ ಅಂತ ನಿನ್ನೆ ರಾತ್ರಿಯೂ ಫೋನಲ್ಲಿ ಮುಕ್ಕಾಲು ಗಂಟೆ ಹೇಳಿದೀನಿ.